ಒಂದು ವರ್ಷದ ಮೇಯರ್, ಏಳು ವರ್ಷದ ಚರಂಡಿ

ನಮ್ಮ ಬೀದಿಯ ತುದಿಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಅದರ ಮುಂದೆ ಚರಂಡಿ ಹೋಗುತ್ತದೆ. ಏಳು ವರ್ಷದ ಹಿಂದೆ ಮರಳಿನ ಲಾರಿಯೊಂದು ಹಿಂದಕ್ಕೆ ಬರುವಾಗ ಚರಂಡಿಯ ಎರಡು ಕಲ್ಲು ಚಪ್ಪಡಿ ಮುರಿದು ಒಳಗೆ ಬಿದ್ದವು. ಅದಾದ ಮೇಲೆ ನಮ್ಮ ಊರಿಗೆ ಐದು ಜನ ಮೇಯರ್ ಬಂದು ಹೋದರು. ಚಪ್ಪಡಿ ಮಾತ್ರ ಬರಲಿಲ್ಲ.

ಊರಿನ ಹೆಸರು ಬರೆಯುವುದಿಲ್ಲ. ಕರ್ನಾಟಕದ ಯಾವ ಮಹಾನಗರ ಪಾಲಿಕೆ ಆದರೂ ನಡೆಯುತ್ತದೆ, ನಿಮ್ಮ ಊರೇ ಅಂದುಕೊಳ್ಳಿ. ದೂರು ಹೇಳೋಕೆ ಅಂತಲೂ ಬರೆಯುತ್ತಿಲ್ಲ, ಅದನ್ನು ಕೊಟ್ಟು ಕೊಟ್ಟು ಸಾಕಾಗಿದೆ. ಒಂದಷ್ಟು ವರ್ಷ ನಾನು ಒಂದು ಸಣ್ಣ ಪತ್ರಿಕೆಗೆ ಪಾಲಿಕೆ ಸುದ್ದಿ ಬರೆಯುತ್ತಿದ್ದೆ. ತಿಂಗಳ ಸಾಮಾನ್ಯ ಸಭೆ, ಸ್ಥಾಯಿ ಸಮಿತಿ, ಬಜೆಟ್ಟು, ಮೇಯರ್ ಎಲೆಕ್ಷನ್ನು ಎಲ್ಲಾ ನನ್ನ ಪಾಲಿಗೇ. ಮೊನ್ನೆ ಹಳೇ ಪೇಪರ್ ತೂಕಕ್ಕೆ ಹಾಕೋಣ ಅಂತ ತೆಗೆದಾಗ ಆ ಕಾಲದ ನೋಟ್‌ಬುಕ್ಕುಗಳು ಸಿಕ್ಕವು. ಪೇಪರಿನವನನ್ನು ಬಾಗಿಲಲ್ಲೇ ನಿಲ್ಲಿಸಿ ಓದುತ್ತಾ ಕೂತುಬಿಟ್ಟೆ. ಅವನು ಬೈದುಕೊಂಡು ಹೋದ.

ಮೇಯರ್ ಎಲೆಕ್ಷನ್ ದಿನ ಹೇಗಿರುತ್ತದೆ ಅಂತ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಹಿಂದಿನ ಎರಡು ಮೂರು ದಿನ ಸದಸ್ಯರು ಊರಲ್ಲಿ ಇರುವುದಿಲ್ಲ, ಯಾವುದೋ ರೆಸಾರ್ಟಿನಲ್ಲಿರುತ್ತಾರೆ. ಬೆಳಿಗ್ಗೆ ಬಸ್ಸಿನಲ್ಲಿ ಕರೆದುಕೊಂಡು ಬಂದು ನೇರ ಸಭಾಂಗಣಕ್ಕೆ ಇಳಿಸುತ್ತಾರೆ. ಪ್ರಾದೇಶಿಕ ಆಯುಕ್ತರು ಚುನಾವಣಾಧಿಕಾರಿ. ಕಾರ್ಪೊರೇಟರ್‌ಗಳ ಜೊತೆ ಆ ಊರಿನ ಎಂಎಲ್‌ಎ, ಎಂಎಲ್‌ಸಿ, ಎಂಪಿ ಕೂಡ ಬಂದು ಕೈ ಎತ್ತುತ್ತಾರೆ, ಅವರಿಗೂ ಮತ ಇದೆ. ಹತ್ತು ನಿಮಿಷದಲ್ಲಿ ಎಲ್ಲಾ ಮುಗಿಯುತ್ತದೆ. ಗೌನು ಹಾಕಿಸುತ್ತಾರೆ. ಅದು ಯಾರ ಅಳತೆಗೋ ಹೊಲಿಸಿದ್ದು, ಒಮ್ಮೆ ಒಬ್ಬ ಕುಳ್ಳಗಿನ ಮೇಯರಮ್ಮ ಅದನ್ನು ಸೀರೆ ನೆರಿಗೆ ಹಿಡಿದ ಹಾಗೆ ಎತ್ತಿ ಹಿಡಿದುಕೊಂಡೇ ಮೆಟ್ಟಿಲು ಇಳಿದಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೊರಗೆ ಪಟಾಕಿ, ಹಾರ, ತಮಟೆ. ಆಮೇಲೆ ನಾವು ಪತ್ರಕರ್ತರು ಸುತ್ತುವರಿದು ಕೇಳುವ ಪ್ರಶ್ನೆ ಒಂದೇ. "ನಿಮ್ಮ ಮೊದಲ ಆದ್ಯತೆ ಏನು?"

ನೋಟ್‌ಬುಕ್ಕಿನಲ್ಲಿ ಐದು ಮೇಯರ್‌ಗಳ ಉತ್ತರ ಇದೆ. ಒಂದನೆಯವರು: ಸ್ವಚ್ಛತೆ, ಕುಡಿಯುವ ನೀರು, ರಸ್ತೆ. ಎರಡನೆಯವರು: ಕುಡಿಯುವ ನೀರು, ರಸ್ತೆ, ಬೀದಿ ದೀಪ. ಮೂರನೆಯವರು: ನೀರು, ಚರಂಡಿ, ಸ್ವಚ್ಛತೆ. ನಾಲ್ಕನೆಯವರದನ್ನು ನಾನು ಬರೆದುಕೊಂಡೇ ಇಲ್ಲ, "ಅದೇ" ಅಂತ ಬರೆದು ಕೆಳಗೊಂದು ಗೆರೆ ಎಳೆದಿದ್ದೇನೆ. ಐದನೆಯವರು ಉದ್ಯಾನ ಅಂತ ಒಂದು ಹೊಸ ಮಾತು ಸೇರಿಸಿದ್ದರು.

ಇದನ್ನು ಓದಿ ನೀವು ಇವರೆಲ್ಲಾ ಸುಳ್ಳು ಹೇಳುತ್ತಿದ್ದರು ಅಂದುಕೊಂಡರೆ ತಪ್ಪು. ಹತ್ತಿರದಿಂದ ನೋಡಿದ್ದೇನೆ. ಐದರಲ್ಲಿ ಮೂವರು ನಿಜವಾಗಿ ಕೆಲಸ ಮಾಡಬೇಕು ಅಂತಲೇ ಬಂದವರು. ಬೆಳಿಗ್ಗೆ ಆರಕ್ಕೆ ಪೌರಕಾರ್ಮಿಕರ ಹಾಜರಾತಿ ನಡೆಯುವ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದರು. ಅವರ ಕೈಯಲ್ಲಿ ಇಲ್ಲದೇ ಇದ್ದದ್ದು ದಿನಗಳು.

ನಮ್ಮ ರಾಜ್ಯದಲ್ಲಿ 1976ರ ಪಾಲಿಕೆ ಕಾಯ್ದೆ ಪ್ರಕಾರ ಮೇಯರ್ ಅವಧಿ ಒಂದು ವರ್ಷ. ಕೌನ್ಸಿಲ್ ಐದು ವರ್ಷ ಇರುತ್ತದೆ, ಅದರೊಳಗೆ ಐದು ಮೇಯರ್, ಐದು ಉಪಮೇಯರ್. ಸ್ಥಾಯಿ ಸಮಿತಿಗಳೂ ವರ್ಷಕ್ಕೊಮ್ಮೆ ಬದಲು. ಮೀಸಲಾತಿಯೂ ಸುತ್ತುತ್ತಾ ಹೋಗುತ್ತದೆ, ಒಮ್ಮೆ ಸಾಮಾನ್ಯ, ಒಮ್ಮೆ ಮಹಿಳೆ, ಒಮ್ಮೆ ಹಿಂದುಳಿದ ವರ್ಗ, ಒಮ್ಮೆ ಪರಿಶಿಷ್ಟ ಜಾತಿ. ಮೀಸಲಾತಿ ಸುತ್ತಬೇಕಾದದ್ದೇ, ಅದಿಲ್ಲದಿದ್ದರೆ ಆ ಕುರ್ಚಿಯಲ್ಲಿ ಯಾವತ್ತೂ ಕೂರದೇ ಇರುತ್ತಿದ್ದ ಎಷ್ಟೋ ಜನ ಕೂತಿದ್ದಾರೆ. ನನ್ನ ತಕರಾರು ಗಡಿಯಾರದ ಬಗ್ಗೆ.

ಆ ಒಂದು ವರ್ಷವನ್ನು ಒಂದು ಸಲ ಬಿಡಿಸಿ ನೋಡಿ. ಮೊದಲ ತಿಂಗಳು ಸನ್ಮಾನ. ಜಾತಿ ಸಂಘ, ವರ್ತಕರ ಸಂಘ, ಆಟೋ ಸ್ಟ್ಯಾಂಡು, ದೇವಸ್ಥಾನ ಸಮಿತಿ, ಸ್ಕೂಲು. ಯಾರಿಗೂ ಇಲ್ಲ ಅನ್ನೋ ಹಾಗಿಲ್ಲ. ಎರಡನೇ ತಿಂಗಳು ಸ್ಥಾಯಿ ಸಮಿತಿಗೆ ಎಲೆಕ್ಷನ್, ಅದಕ್ಕೊಂದು ಜಗಳ. ಬಜೆಟ್ ಹಿಂದಿನವರ ಕಾಲದಲ್ಲಿ ಆಗಿರುತ್ತದೆ, ಹಾಗಾಗಿ ದುಡ್ಡು ಎಲ್ಲಿಗೆ ಅಂತ ಆಗಲೇ ಬರೆದುಬಿಟ್ಟಿರುತ್ತಾರೆ. ತನ್ನದೇ ಕ್ರಿಯಾ ಯೋಜನೆ ಮಾಡಿ ಅದಕ್ಕೆ ಅನುಮೋದನೆ ತರಿಸೋ ಹೊತ್ತಿಗೆ ಮಳೆಗಾಲ. ಮಳೆಗಾಲದಲ್ಲಿ ಡಾಂಬರು ಹಾಕೋ ಹಾಗಿಲ್ಲ. ಆಮೇಲೆ ಗಣೇಶ, ದಸರಾ, ದೀಪಾವಳಿ. ಚಳಿಗಾಲದಲ್ಲಿ ಟೆಂಡರ್ ಕರೆದು, ಕಾರ್ಯಾದೇಶ ಕೊಟ್ಟು, ಭೂಮಿ ಪೂಜೆಗೆ ಗುದ್ದಲಿ ಹಿಡಿಯುವಾಗ ಅವಧಿ ಮುಗಿಯೋಕೆ ಆರು ವಾರ ಉಳಿದಿರುತ್ತದೆ. ಆ ಆರು ವಾರದಲ್ಲಿ ಪಕ್ಷದೊಳಗೆ ಮುಂದಿನ ಮೇಯರ್ ಯಾರು ಅನ್ನೋ ಮಾತು ಶುರು. ಅಧಿಕಾರಿಗಳಿಗೆ ಗಾಳಿ ಬೇಗ ಗೊತ್ತಾಗುತ್ತದೆ. ಹೋಗುವ ಮೇಯರ್ ಫೋನ್ ಮಾಡಿದರೆ ಎರಡನೇ ರಿಂಗಿಗೆ ಎತ್ತುತ್ತಿದ್ದವರು ಎಂಟನೇ ರಿಂಗಿಗೂ ಎತ್ತುವುದಿಲ್ಲ.

ಇದು ಎಲ್ಲಾ ಸರಿ ಇರುವ ವರ್ಷದ ಕತೆ. ನಮ್ಮ ಐವರಿಗೆ ಅಂಥ ವರ್ಷ ಸಿಕ್ಕಿದ್ದು ಒಬ್ಬರಿಗೆ ಮಾತ್ರ. ಮೊದಲನೆಯವರಿಗೆ 2019ರ ಲೋಕಸಭಾ ಚುನಾವಣೆ ಅಡ್ಡ ಬಂತು, ಮಾರ್ಚ್ 10ಕ್ಕೆ ನೀತಿ ಸಂಹಿತೆ ಜಾರಿಯಾದ ಮೇಲೆ ಮೇ ತಿಂಗಳು ಮುಗಿಯುವವರೆಗೆ ಒಂದು ಹೊಸ ಕೆಲಸ ಶುರು ಮಾಡುವ ಹಾಗಿರಲಿಲ್ಲ. ಎರಡನೆಯವರಿಗೆ 2020ರ ಲಾಕ್‌ಡೌನ್. ಮೂರನೆಯವರಿಗೆ 2021ರ ಎರಡನೇ ಅಲೆ. ಐದನೆಯವರಿಗೆ 2023ರ ವಿಧಾನಸಭಾ ಚುನಾವಣೆ, ಮತ್ತೆ ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ ನೀತಿ ಸಂಹಿತೆ.

ಈಗ ಚಪ್ಪಡಿ ವಿಷಯಕ್ಕೆ ಬರೋಣ.

ಚಪ್ಪಡಿ ಬಿದ್ದ ಮರುದಿನವೇ ಗಿರಣಿ ಮಾವ ಎಲ್ಲಿಂದಲೋ ಒಂದು ಹಲಗೆ ತಂದು ಅಡ್ಡ ಹಾಕಿದರು. ರಾಗಿ, ಗೋಧಿ ಹೊತ್ತು ಬರುವವರು ದಾಟಬೇಕಲ್ಲ. "ಒಂದು ವಾರಕ್ಕೆ" ಅಂದಿದ್ದರು. ಮೊದಲನೇ ಮೇಯರ್ ನಮ್ಮ ಪಕ್ಕದ ವಾರ್ಡಿನವರು. ನಾವು ನಾಲ್ಕೈದು ಜನ ಹೋಗಿ ಅರ್ಜಿ ಕೊಟ್ಟೆವು. ಅವರು ಅಲ್ಲೇ ಇಂಜಿನಿಯರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ ಮಾತಾಡಿದರು. ಸಂತೋಷವಾಯ್ತು. ಮೂರನೇ ದಿನ ಜೆಇ, ಅಂದರೆ ಕಿರಿಯ ಇಂಜಿನಿಯರ್, ಬಂದು ಟೇಪು ಹಿಡಿದು ಅಳೆದ. ಎರಡು ಚಪ್ಪಡಿ ಹಾಕಿದರೆ ಮುಗಿಯಿತು ಅಂತ ನಾವು ಅಂದುಕೊಂಡರೆ, ಅವನು ಚರಂಡಿಯೇ ಕುಸಿದಿದೆ, ಅರವತ್ತು ಮೀಟರ್ ಕಿತ್ತು ಹೊಸದಾಗಿ ಕಟ್ಟಬೇಕು ಅಂದ. ಅದೂ ನಿಜವೇ. ಅಂದಾಜು ಪಟ್ಟಿ ಮಾಡಿದ. ಸಣ್ಣ ರಿಪೇರಿ ಇದ್ದದ್ದು ದೊಡ್ಡ ಕಾಮಗಾರಿ ಆಯ್ತು. ದೊಡ್ಡ ಕಾಮಗಾರಿಗೆ ಟೆಂಡರ್ ಬೇಕು, ಟೆಂಡರಿಗೆ ಅನುದಾನ ಬೇಕು, ಅಷ್ಟರಲ್ಲಿ ನೀತಿ ಸಂಹಿತೆ ಬಂತು.

ಎರಡನೇ ಮೇಯರ್ ಕಾಲದಲ್ಲಿ ಕೊರೋನಾ. ಚರಂಡಿ ಕೇಳೋಕೆ ನಮಗೇ ನಾಚಿಕೆ. ಆ ಮೇಯರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಪೌರಕಾರ್ಮಿಕರ ಜೊತೆ ಬೀದಿಯಲ್ಲಿ ಇದ್ದದ್ದು ಅವರೊಬ್ಬರೇ. ಊಟ ಹಂಚುವ ಲೆಕ್ಕವನ್ನು ಒಂದು ಶಾಲೆ ಪುಸ್ತಕದಲ್ಲಿ ತಾವೇ ಬರೆದಿಡುತ್ತಿದ್ದರು. ಅವರ ಮೊದಲ ದಿನದ ಆದ್ಯತೆಯಲ್ಲಿ ಇದ್ಯಾವುದೂ ಇರಲಿಲ್ಲ ನೋಡಿ. ಮಾಡಿದ ಒಳ್ಳೆ ಕೆಲಸ ಎಲ್ಲಾ ಹೇಳದೇ ಇದ್ದದ್ದು.

ಮೂರನೆಯವರ ಕಾಲದಲ್ಲಿ ಟೆಂಡರ್ ಆಯ್ತು, ಗುತ್ತಿಗೆದಾರ ಬಂದ, ಇಪ್ಪತ್ತು ಮೀಟರ್ ಕಟ್ಟಿದ, ನಿಲ್ಲಿಸಿದ. ಯಾಕೆ ಅಂತ ಕೇಳಿದರೆ ಎರಡು ಕಾರಣ. ಹಿಂದಿನ ಕೆಲಸಗಳ ಬಿಲ್ಲೇ ಬಂದಿಲ್ಲ, ಬಿಲ್ಲು ಜೇಷ್ಠತೆ ಪ್ರಕಾರ ಪಾವತಿ, ಅವನ ಸರದಿ ಬರಬೇಕು. ಇನ್ನೊಂದು, ಗಿರಣಿ ಮುಂದೆ ಚರಂಡಿಯೊಳಗೇ ಕುಡಿಯುವ ನೀರಿನ ಪೈಪ್ ಅಡ್ಡ ಹೋಗಿದೆ, ಅದನ್ನು ಸರಿಸುವುದು ಪಾಲಿಕೆ ಕೆಲಸ ಅಲ್ಲ, ಇನ್ನೊಂದು ಇಲಾಖೆಯದು. ಆ ಇಲಾಖೆಗೆ ಪತ್ರ ಬರೆಯಬೇಕು. ಪತ್ರ ಬರೆದರು. ಆ ಪತ್ರದ ಪ್ರತಿ ನನ್ನ ಹತ್ತಿರ ಇದೆ. ಉತ್ತರದ ಪ್ರತಿ ಇಲ್ಲ, ಯಾಕಂದರೆ ಉತ್ತರವೇ ಇಲ್ಲ.

ಇಲ್ಲಿಗೆ ಮೇಯರ್ ಅಂದರೆ ಏನು ಅನ್ನೋದು ನಮ್ಮ ಬೀದಿಗೆ ಅರ್ಥ ಆಯ್ತು. ನಾವು ಮೇಯರ್ ಅಂದರೆ ಊರಿಗೇ ಯಜಮಾನ ಅಂದುಕೊಳ್ಳುತ್ತೇವೆ. ಗೌನು ನೋಡಿದರೆ, ಕಾರು ನೋಡಿದರೆ ಹಾಗೇ ಅನಿಸುತ್ತದೆ. ಆದರೆ ಕಾಯ್ದೆ ಪ್ರಕಾರ ಕಾರ್ಯಾಂಗದ ಅಧಿಕಾರ ಆಯುಕ್ತರದು. ಚೆಕ್ಕಿಗೆ ಸಹಿ, ಸಿಬ್ಬಂದಿ, ಕಾರ್ಯಾದೇಶ ಎಲ್ಲಾ ಆಯುಕ್ತರ ಕಡೆಯಿಂದ. ಆ ಆಯುಕ್ತರನ್ನು ಕಳಿಸುವುದು ಸರ್ಕಾರ, ವಾಪಸ್ ಕರೆಸಿಕೊಳ್ಳುವುದೂ ಸರ್ಕಾರ. ಮೇಯರ್ ಸಭೆ ನಡೆಸಬಹುದು, ಕಾಮಗಾರಿ ಪರಿಶೀಲಿಸಬಹುದು, ಸಭೆಯ ತೀರ್ಮಾನ ಜಾರಿಗೆ ತನ್ನಿ ಅಂತ ಹೇಳಬಹುದು. ನಗರಕ್ಕೆ ಬೇಕಾದ ಉಳಿದದ್ದೆಲ್ಲಾ ಬೇರೆ ಬೇರೆ ಮನೆಗೆ ಹಂಚಿಹೋಗಿದೆ. ಬೆಂಗಳೂರನ್ನೇ ತಗೊಳ್ಳಿ. ನೀರು ಒಳಚರಂಡಿಗೆ 1964ರಿಂದ ಜಲಮಂಡಳಿ, ಬಡಾವಣೆಗೆ 1976ರಿಂದ ಬಿಡಿಎ, ಕರೆಂಟಿಗೆ ಬೆಸ್ಕಾಂ, ಬಸ್ಸಿಗೆ ಬಿಎಂಟಿಸಿ, ಮೆಟ್ರೋಗೆ ಇನ್ನೊಂದು ನಿಗಮ. ರಸ್ತೆ ಅಗೆದವರು ಒಬ್ಬರು, ಬೈಸಿಕೊಳ್ಳುವವರು ಮೇಯರ್. 1992ರ 74ನೇ ತಿದ್ದುಪಡಿಯಲ್ಲಿ ಹದಿನೆಂಟು ಕೆಲಸಗಳನ್ನು ನಗರಗಳಿಗೆ ಕೊಡಬಹುದು ಅಂತ ಪಟ್ಟಿ ಮಾಡಿದ್ದಾರೆ. ಕೊಡಬಹುದು ಅಂತ ಇದೆ, ಕೊಡಬೇಕು ಅಂತ ಇಲ್ಲ. ಆ ಒಂದು ಪದದಲ್ಲಿ ಮೂವತ್ತು ವರ್ಷ ಕಳೆದುಹೋಯ್ತು.

ಮೈಸೂರಿನದು ನನಗೆ ಯಾವಾಗಲೂ ತಮಾಷೆ ಅನಿಸುತ್ತದೆ, ಮೈಸೂರಿನವರು ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿ ಜಂಬೂ ಸವಾರಿಯಲ್ಲಿ ಮೇಯರ್ ಕುದುರೆ ಏರಿ ಸಾಗುವ ಸಂಪ್ರದಾಯ ಇದೆ. ಹೊಸದಾಗಿ ಆಯ್ಕೆಯಾದವರಿಗೆ ಕುದುರೆ ಸವಾರಿ ಎಲ್ಲಿ ಬರಬೇಕು? ದಸರಾಕ್ಕೆ ಮುಂಚೆ ಅಶ್ವಾರೋಹಿ ಪೊಲೀಸರ ಹತ್ತಿರ ಹೋಗಿ ಕಲಿಯುತ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಮುಂದಿನ ದಸರಾಕ್ಕೆ ಬೇರೆ ಮೇಯರ್, ಮತ್ತೆ ಮೊದಲಿಂದ ಪಾಠ. ಪಾಪ ಕುದುರೆಗೆ ಏನನಿಸುತ್ತೋ. 2023ರ ನವೆಂಬರಿನಲ್ಲಿ ಅಲ್ಲಿನ ಕೌನ್ಸಿಲ್ ಅವಧಿ ಮುಗಿದ ಮೇಲೆ ಕುದುರೆ ಏರೋಕೆ ಮೇಯರೇ ಇಲ್ಲ.

ಅದೇ ಮೈಸೂರು 2016ರಲ್ಲಿ 73 ನಗರಗಳ ಸ್ವಚ್ಛತೆ ಅಳೆದ ಕೇಂದ್ರ ಸರ್ಕಾರದ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೊದಲ ಸ್ಥಾನ ಪಡೆದಿತ್ತು. ಆ ವರ್ಷ ಇಂದೋರ್ 25ನೇ ಸ್ಥಾನದಲ್ಲಿತ್ತು. ಮರುವರ್ಷ ಇಂದೋರ್ ಒಂದಕ್ಕೆ ಬಂತು, ಮೈಸೂರು ಐದಕ್ಕೆ ಇಳಿಯಿತು, ಆಮೇಲೆ 2023ರವರೆಗೆ ಇಂದೋರ್ ಆ ಜಾಗ ಬಿಡಲೇ ಇಲ್ಲ. ಮಧ್ಯಪ್ರದೇಶದಲ್ಲಿ ಮೇಯರನ್ನು ಜನರೇ ನೇರವಾಗಿ ಆರಿಸುತ್ತಾರೆ, ಐದು ವರ್ಷಕ್ಕೆ. 2015ರಿಂದ 2020ರವರೆಗೆ ಅಲ್ಲಿ ಮಾಲಿನಿ ಗೌಡ್ ಒಬ್ಬರೇ ಮೇಯರ್. ನಮ್ಮಲ್ಲಿ ಆ ಹೊತ್ತಿಗೆ ವರ್ಷಕ್ಕೊಬ್ಬರು. ಇಂದೋರ್ ಗೆದ್ದದ್ದು ಮೇಯರ್ ಒಬ್ಬರಿಂದ ಅಂತ ನಾನು ಹೇಳಲ್ಲ, ಅಲ್ಲಿನ ಆಯುಕ್ತರ ಪಾಲೂ ದೊಡ್ಡದು, ಹಟ ಹಿಡಿದು ಮನೆ ಮನೆ ಕಸ ಬೇರೆ ಮಾಡಿಸಿದ ಜನರದ್ದೂ ಇದೆ. ಆದರೆ ಒಂದು ಕೆಲಸ ಶುರು ಮಾಡಿದವರು ಅದು ಕೆಟ್ಟಾಗಲೂ ಅದೇ ಕುರ್ಚಿಯಲ್ಲಿ ಇರುತ್ತಾರೆ ಅನ್ನೋದು ಸಣ್ಣ ವಿಷಯ ಅಲ್ಲ. ಮೈಸೂರಿನ ವಿದ್ಯಾರಣ್ಯಪುರಂನ ಸೂಯೇಜ್ ಫಾರ್ಮ್ ಕಡೆ ಗಾಳಿ ಬೀಸಿದಾಗ ಹೋಗಿದ್ದೀರಾ? ಮೊದಲ ಸ್ಥಾನ ಬಂದ ವರ್ಷವೂ ಅಲ್ಲಿನ ಹಳೇ ಕಸದ ಗುಡ್ಡ ಅಲ್ಲೇ ಇತ್ತು. ಅಂಥ ಗುಡ್ಡ ಒಬ್ಬ ಮೇಯರ್ ವರ್ಷದಲ್ಲಿ ಕರಗುವಂಥದ್ದಲ್ಲ. ಹಾಗಾಗಿ ಯಾರೂ ಅದನ್ನು ತನ್ನದು ಅಂತ ಅಂದುಕೊಳ್ಳುವುದಿಲ್ಲ.

ಪಕ್ಕದ ಚೆನ್ನೈಯಲ್ಲೂ ಐದು ವರ್ಷ. 1996ರಲ್ಲಿ ಅಲ್ಲಿ ಜನರೇ ನೇರವಾಗಿ ಆರಿಸಿದ ಮೊದಲ ಮೇಯರ್ ಎಂ.ಕೆ. ಸ್ಟಾಲಿನ್. ಅವರ ಕಾಲದ ಫ್ಲೈಓವರ್‌ಗಳನ್ನು ಚೆನ್ನೈ ಜನ ಈಗಲೂ ಅವರ ಹೆಸರು ಹೇಳಿಯೇ ತೋರಿಸುತ್ತಾರೆ. ನಮ್ಮ ಊರಿನಲ್ಲಿ ಯಾವ ಮೇಯರ್ ಯಾವ ಕೆಲಸ ಮಾಡಿದರು ಅಂತ ಕೇಳಿ ನೋಡಿ. ಶಂಕುಸ್ಥಾಪನೆ ಕಲ್ಲಿನಲ್ಲಿ ಒಬ್ಬರ ಹೆಸರು, ಉದ್ಘಾಟನೆ ಕಲ್ಲಿನಲ್ಲಿ ಇನ್ನೊಬ್ಬರದು, ನಡುವೆ ಬಂದು ಹೋದವರ ಹೆಸರು ಎಲ್ಲೂ ಇಲ್ಲ.

ಬೆಂಗಳೂರಿನ ಕಸದ ಕತೆ ನೆನಪಿದೆಯಾ? 2012ರ ಜುಲೈನಲ್ಲಿ ಊರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರ ಬಾಗಿಲು ಹಾಕಿತು. ಊರು ತುಂಬಾ ಕಸದ ರಾಶಿ, ನಾವೆಲ್ಲಾ ಮೂಗು ಮುಚ್ಚಿಕೊಂಡು ಓಡಾಡಿದ್ದು. ಆಮೇಲೆ ಎಲ್ಲಾ ಮಂಡೂರಿನ ತಲೆಗೆ. ಅಲ್ಲಿನ ಜನ ಲಾರಿಗೆ ಅಡ್ಡ ಮಲಗಿದರು, 2014ರ ಡಿಸೆಂಬರ್ 1ಕ್ಕೆ ಅದೂ ನಿಂತಿತು. ಕೊನೆಗೆ 2015ರ ಡಿಸೆಂಬರಿನಲ್ಲಿ ಹೈಕೋರ್ಟು ಹಸಿ ಕಸ, ಒಣ ಕಸ, ಉಳಿದದ್ದು ಅಂತ ಮನೆಯಲ್ಲೇ ಬೇರೆ ಮಾಡಿ, ಎರಡು ಡಬ್ಬಿ ಒಂದು ಚೀಲ ಇಡಿ ಅಂತ ಆದೇಶ ಕೊಟ್ಟಿತು. ಈ ಮೂರೂವರೆ ವರ್ಷದಲ್ಲಿ ನಾಲ್ಕು ಮೇಯರ್ ಬಂದರು. ವೆಂಕಟೇಶಮೂರ್ತಿ, ಸತ್ಯನಾರಾಯಣ, ಶಾಂತಕುಮಾರಿ, ಮಂಜುನಾಥ ರೆಡ್ಡಿ. ನಾಲ್ವರಿಗೂ ಕಸವೇ ತಲೆನೋವು. ಆದರೆ ಕೊನೆವರೆಗೂ ಅದನ್ನು ಕೈಬಿಡದೆ ಹಿಡಿದುಕೊಂಡಿದ್ದು ಕೋರ್ಟು, ಹಾಗೇ ಕೆಲವು ಬಡಾವಣೆಗಳ ಹಟಮಾರಿ ಹೆಂಗಸರು ಗಂಡಸರು. ಅವರು ಯಾರೂ ವರ್ಷಕ್ಕೊಮ್ಮೆ ಬದಲಾಗುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಅದೇ ಬೆಂಗಳೂರಿನ ಇನ್ನೊಂದು ಘಟನೆ ನನಗಿಷ್ಟ. 2019ರಲ್ಲಿ ಮೇಯರ್ ಆಗಿದ್ದ ಗಂಗಾಂಬಿಕೆ ಮಲ್ಲಿಕಾರ್ಜುನ್ ಪ್ಲಾಸ್ಟಿಕ್ ನಿಷೇಧದ ಬಗ್ಗೆ ಕಟ್ಟುನಿಟ್ಟಾಗಿದ್ದರು. ಹೊಸ ಮುಖ್ಯಮಂತ್ರಿ ಯಡಿಯೂರಪ್ಪನವರನ್ನು ನೋಡೋಕೆ ಹೋದಾಗ ಒಣಹಣ್ಣಿನ ಬುಟ್ಟಿ ಕೊಟ್ಟರು, ಬುಟ್ಟಿಗೆ ಸುತ್ತಿದ್ದು ಪ್ಲಾಸ್ಟಿಕ್! ಫೋಟೋ ಹರಡಿತು. ಅವರು 500 ರೂಪಾಯಿ ದಂಡ ಕಟ್ಟಿ ರಸೀದಿ ತಗೊಂಡರು. ನಕ್ಕವರು ಜಾಸ್ತಿ. ನನಗೆ ಮಾತ್ರ ಅದು ಆ ಕುರ್ಚಿಯ ಒಳ್ಳೆ ಉಪಯೋಗ ಅನಿಸಿತು. ಅಧಿಕಾರ ಇಲ್ಲದ ಜಾಗದಲ್ಲಿ ಕೂತವರು ಹತ್ತು ಜನರಿಗೆ ಕಾಣುವ ಹಾಗೆ ನಡೆದುಕೊಳ್ಳೋದೂ ಒಂದು ಕೆಲಸವೇ.

ಇಷ್ಟರ ಮೇಲೆ, ಇರುವ ಒಂದು ವರ್ಷದ ಮೇಯರೂ ಸರಿಯಾಗಿ ಸಿಗೋದಿಲ್ಲ. 2021ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಪಾಲಿಕೆಗಳಿಗೆ ಚುನಾವಣೆ ಆಯ್ತು. ಹುಬ್ಬಳ್ಳಿ-ಧಾರವಾಡಕ್ಕೆ ಮೇಯರ್ ಬಂದದ್ದು 2022ರ ಮೇನಲ್ಲಿ. ಬೆಳಗಾವಿಗೆ 2023ರ ಫೆಬ್ರುವರಿಯಲ್ಲಿ, ಕಲಬುರಗಿಗೆ ಅದೇ ಮಾರ್ಚಿನಲ್ಲಿ. ಅಂದರೆ ಗೆದ್ದು ಒಂದೂವರೆ ವರ್ಷದವರೆಗೆ ಕಾರ್ಪೊರೇಟರ್‌ಗಳು ಬರೀ ಗೆದ್ದವರು, ಸಭೆಯೂ ಇಲ್ಲ, ಕುರ್ಚಿಯೂ ಇಲ್ಲ. ಮನೆ ಮುಂದೆ ಬೋರ್ಡು ಹಾಕಿಕೊಂಡು ಕೂತಿದ್ದರು. ಬೆಂಗಳೂರಿನದಂತೂ ಕೇಳಲೇಬೇಡಿ. 2020ರ ಸೆಪ್ಟೆಂಬರ್ 10ಕ್ಕೆ ಗೌತಮ್ ಕುಮಾರ್ ಮೇಯರ್ ಕುರ್ಚಿಯಿಂದ ಇಳಿದ ಮೇಲೆ ಐದು ವರ್ಷಕ್ಕೂ ಜಾಸ್ತಿ ಆ ಕುರ್ಚಿ ಖಾಲಿಯೇ ಇತ್ತು. ಮೊದಲು 198 ವಾರ್ಡ್ ಇತ್ತು, 243 ಅಂದರು, 225 ಅಂದರು, ಕೊನೆಗೆ ಬಿಬಿಎಂಪಿಯೇ ಹೋಗಿ 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆ ಆಯ್ತು. ಹೊಸ ಕಾಯ್ದೆಯಲ್ಲಿ ಅಲ್ಲಿನ ಮೇಯರ್ ಅವಧಿ ಮೂವತ್ತು ತಿಂಗಳು. ಅಷ್ಟಾದರೂ ಆಯ್ತಲ್ಲ ಅಂತ ಖುಷಿ. ಆದರೆ ಉಳಿದ ಊರಿನವರು ಏನು ಪಾಪ ಮಾಡಿದ್ದೇವೆ? ನಮಗೆ ಇನ್ನೂ ಅದೇ ಹನ್ನೆರಡು ತಿಂಗಳು.

ಕೌನ್ಸಿಲ್ ಇಲ್ಲದಿದ್ದರೆ ಕೆಲಸ ಚೆನ್ನಾಗಿ ನಡೆಯುತ್ತದೆ ಅನ್ನುವವರೂ ಇದ್ದಾರೆ. ಕಾರ್ಪೊರೇಟರ್ ಕಾಟ ಇಲ್ಲ, ಸರ್ಕಾರ ಕಳಿಸಿದ ಆಡಳಿತಾಧಿಕಾರಿ ನೇರವಾಗಿ ಮಾಡುತ್ತಾರೆ ಅಂತ. ವಾಕಿಂಗಿನಲ್ಲಿ ಸಿಗುವ ನಮ್ಮ ನಿವೃತ್ತ ಮೇಷ್ಟ್ರೊಬ್ಬರದು ಇದೇ ವಾದ. ಅವರಿಗೆ ನಾನು ಹೇಳೋದು ಇಷ್ಟೇ. ಸಾರ್, ರಾತ್ರಿ ಹನ್ನೊಂದಕ್ಕೆ ಮ್ಯಾನ್‌ಹೋಲ್ ಉಕ್ಕಿ ಮನೆಯೊಳಗೆ ನೀರು ಬಂದಾಗ ಆಡಳಿತಾಧಿಕಾರಿ ಮನೆ ಬಾಗಿಲು ಬಡಿಯೋಕೆ ಆಗುತ್ತಾ? ಕಾರ್ಪೊರೇಟರ್ ಬಾಗಿಲು ಬಡಿಯಬಹುದು. ಎದ್ದು ಬರ್ತಾನೋ ಬಿಡ್ತಾನೋ, ಬಡಿಯೋಕಂತೂ ಒಂದು ಬಾಗಿಲಿದೆ. ಅವನು ಜೆಟ್ಟಿಂಗ್ ಗಾಡಿಯವನಿಗೆ ಫೋನ್ ಮಾಡುತ್ತಾನೆ. ಮೇಷ್ಟ್ರು ಒಪ್ಪಿಲ್ಲ, ನಾಳೆ ಮತ್ತೆ ಜಗಳ ಇದೆ.

ನಾಲ್ಕನೇ ಮೇಯರ್ ಬಗ್ಗೆ ಹೇಳೋದು ಉಳಿಯಿತು. ನೋಟ್‌ಬುಕ್ಕಿನಲ್ಲಿ ನಾನು "ಅದೇ" ಅಂತ ಬರೆದು ಗೆರೆ ಎಳೆದಿದ್ದೆನಲ್ಲ, ಅವರು. ಆ ಗೆರೆಗೆ ಈಗ ನನಗೇ ನಾಚಿಕೆ. ಪೂರ್ತಿ ವರ್ಷ ಸಿಕ್ಕಿದ್ದೂ ಅವರಿಗೇ. ಅಧಿಕಾರ ವಹಿಸಿಕೊಂಡ ಎರಡನೇ ವಾರ ಅವರು ಒಂದು ಸಭೆ ಕರೆದರು. ಹೊಸ ಕಾಮಗಾರಿ ಪಟ್ಟಿ ಕೇಳಲಿಲ್ಲ. ಹಿಂದಿನ ಮೂರು ವರ್ಷದಲ್ಲಿ ಶುರುವಾಗಿ ನಿಂತಿರುವ ಕೆಲಸಗಳ ಪಟ್ಟಿ ಕೊಡಿ ಅಂದರು. ಇಂಜಿನಿಯರುಗಳು ಮುಖ ಮುಖ ನೋಡಿಕೊಂಡರು, ಅಂಥ ಪಟ್ಟಿ ಯಾರೂ ಮಾಡಿಟ್ಟಿರಲಿಲ್ಲ. ಮೇಯರ್ ಬಿಡಲಿಲ್ಲ. ಒಂದು ತಿಂಗಳು ಪ್ರತಿ ಸೋಮವಾರ ಕೇಳಿದರು. ಕೊನೆಗೆ ಪಟ್ಟಿ ಬಂತು, ಪುಟ ಪುಟ ಇತ್ತು. ಅರ್ಧ ಹಾಕಿದ ಒಳಚರಂಡಿ ಲೈನು, ಕಂಬ ಇದ್ದು ಬಲ್ಬಿಲ್ಲದ ಬೀದಿ, ಗೋಡೆ ಎದ್ದು ಚಾವಣಿ ಇಲ್ಲದ ಅಂಗನವಾಡಿ, ಪೈಪ್ ಇದ್ದು ಮೋಟರ್ ಇಲ್ಲದ ಬೋರ್‌ವೆಲ್. ನಮ್ಮ ಚರಂಡಿಯೂ ಅದರಲ್ಲಿತ್ತು. ಅವರು ಒಂದು ಕೆಂಪು ಪೆನ್ನು ಹಿಡಿದು ಯಾವುದಕ್ಕೆ ದುಡ್ಡು ಕಡಿಮೆ ಬೇಕು, ಯಾವುದರಿಂದ ಜನಕ್ಕೆ ಬೇಗ ಉಪಯೋಗ ಅಂತ ಗುರುತು ಹಾಕುತ್ತಾ ಹೋದರು. ಬಲ್ಬುಗಳು ಬಂದವು. ಎರಡು ಬೋರ್‌ವೆಲ್‌ಗೆ ಮೋಟರ್ ಬಂತು. ಅಂಗನವಾಡಿಗೆ ಶೀಟ್ ಹಾಕಿದರು.

ಇದು ಪೇಪರಿನಲ್ಲಿ ಬರಲಿಲ್ಲ. ಬರೆಯಬೇಕಾಗಿದ್ದವನು ನಾನೇ. ಬಲ್ಬು ಬಂತು ಅನ್ನೋದು ಸುದ್ದಿ ಅಂತ ನನಗೂ ಅನಿಸಲಿಲ್ಲ, ನಮ್ಮ ಸಂಪಾದಕರಿಗೂ ಅನಿಸಲಿಲ್ಲ. ಶಂಕುಸ್ಥಾಪನೆ ಆಗಿದ್ದರೆ ಫೋಟೋ ಹಾಕುತ್ತಿದ್ದೆವು. ಆ ವರ್ಷ ಅವರ ಹೆಸರು ನಮ್ಮ ಪತ್ರಿಕೆಯಲ್ಲಿ ಜಾಸ್ತಿ ಬಂದದ್ದು ಸಭೆಯಲ್ಲಿ ವಿರೋಧ ಪಕ್ಷದವರು ಮೈಕ್ ಕಿತ್ತ ದಿನ.

ನಮ್ಮ ಚರಂಡಿಗೆ ಅವರು ಮಾಡಿದ್ದು ಏನು ಅಂತ ಕೇಳುತ್ತೀರಿ. ಒಂದು ದಿನ ಸಂಜೆ ತಾವೇ ಬಂದರು, ಕಾರು ತಿರುವಿನಲ್ಲೇ ನಿಲ್ಲಿಸಿ ನಡೆದು. ಹಲಗೆ ಮೇಲೆ ದಾಟಿ ಗಿರಣಿಯೊಳಗೆ ಹೋದರು. ಮಾವ ಗಡಿಬಿಡಿಯಲ್ಲಿ ಸ್ಟೂಲಿನ ಮೇಲಿನ ಹಿಟ್ಟು ಕೊಡವಿ ಕೂರಿ ಅಂದರು. "ಕೂರಲ್ಲ ಅಣ್ಣ, ಆ ಪೈಪ್ ಎಲ್ಲಿದೆ ತೋರಿಸಿ" ಅಂದರು. ಬಗ್ಗಿ ನೋಡಿದರು. ಅಲ್ಲಿಂದಲೇ ಆ ಇನ್ನೊಂದು ಇಲಾಖೆಯವರಿಗೆ ಫೋನ್ ಮಾಡಿದರು. ಆ ಕಡೆಯಿಂದ ಏನು ಹೇಳಿದರೋ, ಅವರು ಸ್ವಲ್ಪ ಹೊತ್ತು ಸುಮ್ನೆ ಕೇಳಿಸಿಕೊಂಡು "ಸರಿ ಸಾರ್, ಪತ್ರ ಆಗಲೇ ಬಂದಿದೆಯಲ್ಲ ನಿಮಗೆ, ಅದನ್ನೇ ಹುಡುಕಿಸಿ" ಅಂತ ಇಟ್ಟರು. ಊರಿನ ಮೊದಲ ಪ್ರಜೆ ಇನ್ನೊಬ್ಬರನ್ನು ಸಾರ್ ಅನ್ನುವುದನ್ನು ನಮ್ಮ ಬೀದಿ ನೋಡಿತು. ಹೋಗುವಾಗ ಮಾವನಿಗೆ "ನನ್ನ ಕೈಲಿ ಆಗುತ್ತೋ ಇಲ್ಲವೋ ಗೊತ್ತಿಲ್ಲ ಅಣ್ಣ, ಪಟ್ಟಿಯಲ್ಲಿ ಬರೆಸಿಟ್ಟಿದ್ದೇನೆ, ಮುಂದೆ ಬರುವವರಿಗೆ ಸಿಗುತ್ತದೆ" ಅಂದರು.

ಮುಂದೆ ಬಂದವರು ಆ ಪಟ್ಟಿ ನೋಡಲಿಲ್ಲ. ಅವರಿಗೆ ಉದ್ಯಾನ ಇತ್ತು, ಚುನಾವಣೆ ಇತ್ತು. ಆಮೇಲೆ ಕೌನ್ಸಿಲ್ ಅವಧಿಯೇ ಮುಗಿಯಿತು.

ಹೋದ ಭಾನುವಾರ ಗೋಧಿ ಡಬ್ಬ ಹಿಡಿದು ಗಿರಣಿಗೆ ಹೋದೆ. ಈ ಬ್ಲಾಗ್ ಬರೆಯುತ್ತಿದ್ದೇನೆ, ನೋಟ್‌ಬುಕ್ ಸಿಕ್ಕಿತು ಅಂತ ಮಾವನಿಗೆ ಹೇಳಿದೆ. "ಮತ್ತೆ ಎಲೆಕ್ಷನ್ ಯಾವಾಗಂತೆ?" ಅಂದರು. ಗೊತ್ತಿಲ್ಲ ಮಾವ ಅಂದೆ. ಮಿಷನ್ ಆಫ್ ಮಾಡಿ ಕೈ ಒರೆಸಿಕೊಂಡು ಹೊರಗೆ ಬಂದರು. ಹಲಗೆ ಮತ್ತೆ ಒಂದು ಕಡೆ ಸೀಳಿದೆ. ಇದು ಮೂರನೆಯದು, ಮೊದಲನೆಯದನ್ನು ಗೆದ್ದಲು ತಿಂತು, ಎರಡನೆಯದು ಮಳೆಗೆ ಕೊಳೆಯಿತು. ಈ ಸಲ ಮರ ಬೇಡ, ದಪ್ಪ ಕಬ್ಬಿಣದ ಶೀಟೇ ಹಾಕಿಸುತ್ತೇನೆ, ನಾನು ಇರೋವರೆಗೂ ಬಾಳಿಕೆ ಬರಬೇಕು ಅಂತ ಟೇಪು ತಂದರು. ಒಂದು ತುದಿ ನಾನು ಹಿಡಿದುಕೊಂಡೆ. ನಾಲ್ಕು ಅಡಿ ಎರಡು ಇಂಚು.